ಫೋಟೋದ ಒಳಗಿನ ಮಾಹಿತಿಗೆ ಎಕ್ಸಿವ್2: ಸಿದ್ಧ ಪ್ಯಾಕೇಜ್ ಸಾಕೇ, ನಾವೇ ಬಿಲ್ಡ್ ಮಾಡಬೇಕೇ?

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮಂಗಳೂರು, ಉಡುಪಿ ಕಡೆಯ ಫೋಟೋಗ್ರಾಫರ್‌ಗಳಿಗೆ ಸ್ವಲ್ಪ ಬಿಡುವು. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿರುತ್ತವೆ. ಕೋಲ, ನೇಮ ನಿಂತಿರುತ್ತವೆ. ಕಂಬಳದ ಕೋಣಗಳು ಅದಕ್ಕೂ ಮೊದಲೇ ಹಟ್ಟಿ ಸೇರಿರುತ್ತವೆ. ಮಳೆ ಹಿಡಿದ ಮೇಲೆ ಮದುವೆಗಳೂ ಕಡಿಮೆ. ವರ್ಷವಿಡೀ ತೆಗೆದ ಚಿತ್ರಗಳನ್ನು ಹಾರ್ಡ್‌ಡಿಸ್ಕ್‌ನಲ್ಲಿ ವಿಂಗಡಿಸುವ ಕೆಲಸ ಶುರುವಾಗುವುದು ಆಗಲೇ. ಅದಕ್ಕೆ ಕೈ ಹಾಕಿದವರು ನನ್ನ ಹತ್ತಿರ ಕೇಳುವ ಪ್ರಶ್ನೆ ಇದು: ಫೋಟೋದ ಒಳಗಿನ ಮಾಹಿತಿ ಓದಿ ಬರೆಯುವ ಎಕ್ಸಿವ್2 ಇನ್‌ಸ್ಟಾಲ್ ಮಾಡುವುದು ಹೇಗೆ? ಸೋರ್ಸ್ ಕೋಡ್ ತಂದು ಬಿಲ್ಡ್ ಮಾಡಬೇಕಾ? ಸುರತ್ಕಲ್, ಮಣಿಪಾಲದಲ್ಲಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳ ಪ್ರಶ್ನೆಯೂ ಇದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಬಿಲ್ಡ್ ಮಾಡುವ, ಅಂದರೆ ಸೋರ್ಸ್ ಕೋಡನ್ನು ತಾವೇ ಕಂಪೈಲ್ ಮಾಡಿ ನಡೆಯುವ ಪ್ರೋಗ್ರಾಂ ಆಗಿಸುವ, ಅಗತ್ಯವಿಲ್ಲ. ಕೆಲವರಿಗಂತೂ ಎಕ್ಸಿವ್2 ಕೂಡ ಬೇಕಾಗಿಲ್ಲ, ಬೇರೆ ಟೂಲ್ ಅವರ ಕೆಲಸಕ್ಕೆ ಜಾಸ್ತಿ ಹೊಂದುತ್ತದೆ. ಬಿಲ್ಡ್ ಮಾಡಲೇಬೇಕಾದವರು ಅದನ್ನು ಕಂಪ್ಯೂಟರಿನ ಉಳಿದ ಸಾಫ್ಟ್‌ವೇರ್‌ಗೆ ತಾಗದಂತೆ ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಬೇಕು. ಯಾರು ಯಾವ ಗುಂಪಿಗೆ ಸೇರುತ್ತಾರೆ ಎನ್ನುವುದನ್ನು ನೋಡೋಣ.

ಚಿತ್ರದೊಳಗೆ ಮೂರು ಬಗೆಯ ಬರಹ

ಒಂದು ಜೆಪೆಗ್ ಫೈಲ್‌ನಲ್ಲಿ ಚಿತ್ರದ ಜೊತೆಗೆ ಮೂರು ಬಗೆಯ ಮಾಹಿತಿ ಇರಬಹುದು. ಕ್ಯಾಮೆರಾ ತಾನೇ ಬರೆಯುವುದು ಎಕ್ಸಿಫ್. ತೆಗೆದ ಸಮಯ, ಲೆನ್ಸ್, ಶಟರ್ ಸ್ಪೀಡ್, ಜಿಪಿಎಸ್ ಎಲ್ಲ ಅಲ್ಲಿರುತ್ತದೆ. ಸುದ್ದಿಮನೆಗಳಿಗಾಗಿ ಹುಟ್ಟಿದ್ದು ಐಪಿಟಿಸಿ. ಶೀರ್ಷಿಕೆ, ವಿವರಣೆ, ಊರು, ಫೋಟೋ ತೆಗೆದವರ ಹೆಸರು ಅದರಲ್ಲಿ. ಮೂರನೆಯದು 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ. ಇದು ಯೂನಿಕೋಡ್ ಕಾಲದ್ದು, ಹಾಗಾಗಿ ಕನ್ನಡಕ್ಕೆ ಇದರಷ್ಟು ಹೊಂದುವ ಜಾಗ ಇನ್ನೊಂದಿಲ್ಲ.

ಎಕ್ಸಿವ್2 ಈ ಮೂರನ್ನೂ ಓದುತ್ತದೆ, ಬರೆಯುತ್ತದೆ. ಇದು ಸಿ++ನಲ್ಲಿ ಬರೆದ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್. 2004ರಲ್ಲಿ ಆಂಡ್ರಿಯಾಸ್ ಹುಗ್ಗೆಲ್ ಶುರು ಮಾಡಿದ್ದು. ಜೊತೆಗೆ ಅದೇ ಹೆಸರಿನ ಒಂದು ಕಮಾಂಡ್ ಕೂಡ ಬರುತ್ತದೆ. ನೀವು ಡಿಜಿಕ್ಯಾಮ್, ಡಾರ್ಕ್‌ಟೇಬಲ್, ಕ್ರಿಟಾ ತರಹದ ಚಿತ್ರದ ಸಾಫ್ಟ್‌ವೇರ್ ಬಳಸುತ್ತಿದ್ದರೆ ಎಕ್ಸಿವ್2 ಈಗಾಗಲೇ ನಿಮ್ಮ ಕಂಪ್ಯೂಟರಿನಲ್ಲಿದೆ. ಗಿಂಪ್ ಕೂಡ ಜಿಎಕ್ಸಿವ್2 ಎಂಬ ಇನ್ನೊಂದು ಪದರದ ಮೂಲಕ ಇದನ್ನೇ ಬಳಸುತ್ತದೆ. ಹೊಸದಾಗಿ ಹಾಕಬೇಕು ಅಂದುಕೊಂಡವರು ಇದನ್ನು ಮೊದಲು ನೋಡಿಕೊಳ್ಳಬೇಕು. ಯಾಕೆಂದರೆ ಎರಡನೆಯ ಪ್ರತಿ ಬಂದಾಗ ಮೊದಲನೆಯದರ ಜೊತೆ ಜಗಳ ಶುರುವಾಗಬಹುದು. ಆ ವಿಷಯ ಮುಂದೆ ಬರುತ್ತದೆ.

ಎಕ್ಸಿವ್2 ಬೇಕೋ, ಎಕ್ಸಿಫ್‌ಟೂಲ್ ಬೇಕೋ

ಮೊದಲ ಆಯ್ಕೆ ಇಲ್ಲಿದೆ. ಎಕ್ಸಿಫ್‌ಟೂಲ್ ಇದೇ ಕೆಲಸ ಮಾಡುವ ಇನ್ನೊಂದು ಟೂಲ್. ಫಿಲ್ ಹಾರ್ವಿ ಅವರು ಪರ್ಲ್ ಭಾಷೆಯಲ್ಲಿ ಬರೆದದ್ದು, 2003ರಿಂದ ನಡೆದು ಬಂದಿದೆ. ಕಂಪೈಲ್ ಮಾಡುವ ಮಾತೇ ಇಲ್ಲ. ಲಿನಕ್ಸ್‌ನಲ್ಲಿ ಪ್ಯಾಕೇಜ್ ಇದೆ, ಮ್ಯಾಕ್‌ಗೆ ಇನ್‌ಸ್ಟಾಲರ್ ಇದೆ, ವಿಂಡೋಸ್‌ಗೆ ಪರ್ಲ್ ಬೇರೆ ಹಾಕದೆಯೇ ನಡೆಯುವ ಸಿದ್ಧ ಪ್ರತಿ ಇದೆ.

ಹಂಪನಕಟ್ಟೆಯ ಒಂದು ಸ್ಟುಡಿಯೋ ಇದೆ ಅಂದುಕೊಳ್ಳಿ. ಮದುವೆಗೆ ಇಬ್ಬರು ಫೋಟೋ ತೆಗೆದಿದ್ದಾರೆ. ಇನ್ನಷ್ಟು ಚಿತ್ರಗಳನ್ನು ದುಬೈಯಿಂದ ಬಂದ ಮದುಮಗಳ ಅಣ್ಣ ಕೊಟ್ಟಿದ್ದಾರೆ. ಅವರ ಕ್ಯಾಮೆರಾದ ಗಡಿಯಾರ ಗಲ್ಫ್ ಸಮಯದಲ್ಲೇ ಇದೆ, ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಸಮಯದ ಕ್ರಮದಲ್ಲಿ ಜೋಡಿಸಿದರೆ ಧಾರೆಯ ಚಿತ್ರಗಳು ಮದುಮಗಳ ಅಲಂಕಾರದ ನಡುವೆ ಬಂದು ಕೂರುತ್ತವೆ. ಈ ಒಂದೂವರೆ ಗಂಟೆ ಸೇರಿಸುವ ಕೆಲಸ ಎರಡೂ ಟೂಲ್‌ಗಳಲ್ಲಿ ಒಂದೇ ಸಾಲಿನ ಕಮಾಂಡ್. ತೆಗೆದ ದಿನಾಂಕವನ್ನೇ ಫೈಲ್ ಹೆಸರಾಗಿ ಮಾಡುವುದೂ ಹಾಗೆಯೇ. ಇಷ್ಟೇ ಕೆಲಸ ಆದರೆ ಯಾವುದು ಕೈಗೆ ಸಿಕ್ಕಿದೆಯೋ ಅದನ್ನು ಬಳಸಿ.

ವ್ಯತ್ಯಾಸ ಕಾಣುವುದು ಬೇರೆ ಕಡೆ. ಐಫೋನ್ 2017ರ ಐಓಎಸ್ 11ರಿಂದ ಹೀಕ್ ಎಂಬ ಬಗೆಯ ಫೈಲ್‌ಗೆ ಬಂತು. ಕ್ಯಾನನ್ 2018ರಲ್ಲಿ ಎಂ50 ಕ್ಯಾಮೆರಾದಿಂದ ಸಿಆರ್3 ಎಂಬ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ತಂದಿತು. ಇವೆರಡರ ಒಳಗಿನ ಕಟ್ಟಡ ಒಂದೇ ಜಾತಿಯದು, ಅದನ್ನು ಬಿಎಂಎಫ್‌ಎಫ್ ಎನ್ನುತ್ತಾರೆ. ಎಕ್ಸಿವ್2 ಇವುಗಳನ್ನು ಓದುತ್ತದೆ, ಆದರೆ ಇವುಗಳೊಳಗೆ ಬರೆಯುವುದಿಲ್ಲ. ಎಕ್ಸಿಫ್‌ಟೂಲ್ ಬರೆಯುತ್ತದೆ. ಮದುವೆ ಮನೆಯವರ ಐಫೋನ್ ಚಿತ್ರಗಳಿಗೆ ನೇರವಾಗಿ ಹೆಸರು, ವಿವರಣೆ ತುಂಬಬೇಕಾದ ಸ್ಟುಡಿಯೋಗೆ ಎಕ್ಸಿವ್2 ಬಿಲ್ಡ್ ಮಾಡಿ ಏನೂ ಸಿಗುವುದಿಲ್ಲ.

ಜಿಪಿಎಸ್ ತೆಗೆಯುವುದು ಇನ್ನೊಂದು. ಮನೆತನದ ದೈವದ ಚಾವಡಿ, ನಾಗಬನ, ಹಳೆಯ ಮೊಗ (ದೈವದ ಮುಖವಾಡ) ಮತ್ತು ಭಂಡಾರ ಇಟ್ಟ ಜಾಗಗಳ ಚಿತ್ರ ಹಂಚುವಾಗ ಜಾಗದ ಗುರುತು ಅದರೊಳಗೆ ಇರಬಾರದು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಎಲ್ಲಿದೆ ಎನ್ನುವುದು ಆ ಮನೆಯವರು ಹೇಳಬೇಕಾದ ವಿಷಯ, ಫೈಲ್ ಹೇಳುವಂಥದ್ದಲ್ಲ. ಎಕ್ಸಿಫ್‌ಟೂಲ್‌ನಲ್ಲಿ ಜಿಪಿಎಸ್ ಎಂದು ಶುರುವಾಗುವ ಎಲ್ಲವನ್ನೂ ಒಂದೇ ಸಲ ಅಳಿಸಬಹುದು. ಎಕ್ಸಿವ್2 ಕಮಾಂಡ್‌ನಲ್ಲಿ ಅಕ್ಷಾಂಶ, ರೇಖಾಂಶ, ಎತ್ತರ ಹೀಗೆ ಒಂದೊಂದನ್ನೇ ಹೆಸರಿಸಿ ಅಳಿಸಬೇಕು. ಇಲ್ಲದಿದ್ದರೆ ಎಕ್ಸಿಫ್ ಪೂರ್ತಿ ತೆಗೆಯಬೇಕು. ಅದೇ ಜಾಗದ ಇನ್ನೊಂದು ಪ್ರತಿ ಎಕ್ಸ್‌ಎಂಪಿಯಲ್ಲೂ ಇರಬಹುದು, ಅದನ್ನು ಮರೆಯಬಾರದು.

ಹಾಗಾದರೆ ಎಕ್ಸಿವ್2 ಯಾರಿಗೆ? ಪ್ರೋಗ್ರಾಂ ಬರೆಯುವವರಿಗೆ. ನಿಮ್ಮ ಸಿ++ ಕೋಡ್‌ನ ಒಳಗೇ ಮಾಹಿತಿ ಓದಬೇಕು, ಸಾವಿರಾರು ಫೈಲ್‌ಗಳನ್ನು ಬೇಗ ಬೇಗ ನೋಡಬೇಕು ಅಂದರೆ ಇದು ಸರಿಯಾದ ಆಯ್ಕೆ. ಎಕ್ಸಿಫ್‌ಟೂಲ್ ಅನ್ನು ಒಂದೊಂದು ಫೈಲ್‌ಗೂ ಹೊಸದಾಗಿ ಕರೆದರೆ ಪ್ರತಿ ಸಲವೂ ಪರ್ಲ್ ಏಳಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಇಡೀ ಫೋಲ್ಡರ್ ಒಟ್ಟಿಗೆ ಕೊಟ್ಟರೆ ಅಥವಾ ಅದನ್ನು ತೆರೆದೇ ಇಟ್ಟುಕೊಳ್ಳುವ ಆಯ್ಕೆ ಬಳಸಿದರೆ ಆ ಕಷ್ಟ ಇಲ್ಲ.

ಲಿಬ್‌ಎಕ್ಸಿಫ್ ಎಂಬ ಹಳೆಯ ಸಿ ಲೈಬ್ರರಿಯೂ ಇದೆ. ಅದು ಎಕ್ಸಿಫ್ ಮಾತ್ರ ನೋಡುತ್ತದೆ. ವಿವರಣೆ ಬರೆಯುವ ಕೆಲಸಕ್ಕೆ ಅದು ಸಾಲದು.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಕಂಡರೆ ಆಗದವರು ಡಿಜಿಕ್ಯಾಮ್ ಹಾಕಿಕೊಳ್ಳಿ. ನನ್ನ ಪಟ್ಟಿಯಲ್ಲಿ ಅದು ಕಡಿಮೆ ದರ್ಜೆಯ ದಾರಿ ಅಲ್ಲವೇ ಅಲ್ಲ.

ಕನ್ನಡದಲ್ಲಿ ಬರೆಯುವಾಗ

ಈ ಭಾಗಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಇಂಗ್ಲಿಷ್‌ನಲ್ಲಿ ಬರೆಯುವವರಿಗೆ ಈ ತೊಂದರೆಗಳು ಕಾಣುವುದೇ ಇಲ್ಲ. ಹಾಗಾಗಿ ಅವರು ಬರೆದ ಮಾರ್ಗದರ್ಶಿಗಳಲ್ಲೂ ಇವು ಸಿಗುವುದು ಕಡಿಮೆ.

ಹಳೆಯ ಐಪಿಟಿಸಿ ಜಾಗಗಳಿಗೆ ಬೈಟ್ ಲೆಕ್ಕದಲ್ಲಿ ಮಿತಿ ಇದೆ. ಊರು, ಊರೊಳಗಿನ ಜಾಗ, ರಾಜ್ಯ, ಫೋಟೋ ತೆಗೆದವರ ಹೆಸರು, ಇವಕ್ಕೆ ತಲಾ 32 ಬೈಟ್. ಒಂದು ಕೀವರ್ಡ್‌ಗೆ 64. ವಿವರಣೆಗೆ 2000. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಬರಹ ಉಳಿಸುವ ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಗುಣಿತದ ಗುರುತು, ಒತ್ತು ಕೊಡುವ ಹಲಂತ, ಅನುಸ್ವಾರ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. 'ಮಂಗಳೂರು' ಎಂದರೆ 7 ಚಿಹ್ನೆ, 21 ಬೈಟ್. ಹಿಡಿಯುತ್ತದೆ. 'ದಕ್ಷಿಣ ಕನ್ನಡ' ಎಂದರೆ 11 ಚಿಹ್ನೆ ಮತ್ತು ನಡುವಿನ ಖಾಲಿ ಜಾಗ, ಒಟ್ಟು 34 ಬೈಟ್. ಎರಡು ಬೈಟ್ ಹೊರಗೆ! 'ಉಡುಪಿ ಶ್ರೀಕೃಷ್ಣ ಮಠದ ರಥಬೀದಿ' ಎಂಬ ಕೀವರ್ಡ್ 72 ಬೈಟ್ ಆಗುತ್ತದೆ, 64ರಲ್ಲಿ ಕೂರುವುದಿಲ್ಲ. 'ರಥಬೀದಿ' ಎಂದಷ್ಟೇ ಬರೆದರೆ 18. ಎಕ್ಸಿಫ್‌ಟೂಲ್ ಇಂಥ ಕಡೆ ಎಚ್ಚರಿಕೆ ಕೊಟ್ಟು ಉದ್ದವನ್ನು ಕತ್ತರಿಸುತ್ತದೆ. ಮಿತಿಯನ್ನು ಕಡೆಗಣಿಸು ಎಂದು ಹೇಳುವ ಆಯ್ಕೆಯೂ ಅದರಲ್ಲಿದೆ. ಆದರೆ ಆಮೇಲೆ ಆ ಫೈಲ್ ತೆರೆಯುವ ಬೇರೆ ಸಾಫ್ಟ್‌ವೇರ್ ಒಪ್ಪುತ್ತದೆ ಎಂಬ ಭರವಸೆ ಇಲ್ಲ.

ಇನ್ನೊಂದು ತೊಡಕು, ಈ ಐಪಿಟಿಸಿ ಬರಹ ಯಾವ ಲಿಪಿ ಸಂಕೇತದಲ್ಲಿದೆ ಎಂದು ಅದರ ಮೇಲೆಯೇ ನಮೂದಿಸಬೇಕು. ನಮೂದಿಸದೆ ಎಕ್ಸಿಫ್‌ಟೂಲ್‌ನಲ್ಲಿ ಕನ್ನಡ ಬರೆದರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಯುಟಿಎಫ್-8 ಎಂದು ನಮೂದಿಸುವ ಆಯ್ಕೆಯನ್ನು ಅದೇ ಕಮಾಂಡ್‌ನಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಎಕ್ಸಿವ್2ನಲ್ಲಿ ಇದೇ ಕೆಲಸಕ್ಕೆ ಎಸ್ಕೇಪ್ ಚಿಹ್ನೆ, ಶೇಕಡಾ ಚಿಹ್ನೆ, ಜಿ ಅಕ್ಷರ ಈ ಮೂರನ್ನು ನೀವೇ ತುಂಬಬೇಕು. ಟರ್ಮಿನಲ್‌ನಲ್ಲಿ ಎಸ್ಕೇಪ್ ಚಿಹ್ನೆ ಟೈಪ್ ಮಾಡುವುದು ಕಿರಿಕಿರಿ. ಸಿ++ ಕೋಡ್‌ನೊಳಗಿಂದ ಬರೆದರೆ ಸುಲಭ.

ಎಕ್ಸಿಫ್‌ನ ಕಥೆಯೂ ಸುಮಾರಾಗಿ ಹೀಗೆಯೇ. ಅದರ ವಿವರಣೆಯ ಜಾಗ ಮೊದಲಿನಿಂದಲೂ ಆಸ್ಕಿಗೆ, ಅಂದರೆ ಇಂಗ್ಲಿಷ್ ಅಕ್ಷರಗಳಿಗೆ, ಮೀಸಲು. 2023ರ ಎಕ್ಸಿಫ್ 3.0ರಲ್ಲಿ ಯುಟಿಎಫ್-8ಕ್ಕೆ ಅಧಿಕೃತ ಜಾಗ ಸಿಕ್ಕಿತು. ಆದರೆ ನಮ್ಮ ಕೈಯಲ್ಲಿರುವ ಕ್ಯಾಮೆರಾ, ಸಾಫ್ಟ್‌ವೇರ್ ಬಹುಪಾಲು ಅದಕ್ಕಿಂತ ಹಿಂದಿನವು.

ಆದ್ದರಿಂದ ಕನ್ನಡವನ್ನು ಎಕ್ಸ್‌ಎಂಪಿಯಲ್ಲಿ ಬರೆಯಿರಿ. ಅಲ್ಲಿ ಈ ಮಿತಿಗಳಿಲ್ಲ. ಅಷ್ಟೇ ಅಲ್ಲ, ಒಂದೇ ಚಿತ್ರಕ್ಕೆ ಹಲವು ಭಾಷೆಗಳಲ್ಲಿ ವಿವರಣೆ ಕೊಡುವ ವ್ಯವಸ್ಥೆ ಅದರಲ್ಲಿದೆ. ಪ್ರತಿ ಬರಹಕ್ಕೂ ಭಾಷೆಯ ಸಂಕೇತ ಹಚ್ಚಬಹುದು. ಕನ್ನಡಕ್ಕೆ ಕೆ-ಎನ್, ತುಳುವಿಗೆ ಟಿ-ಸಿ-ವೈ, ಕೊಂಕಣಿಗೆ ಕೆ-ಓ-ಕೆ. ನಮ್ಮ ಊರಿಗೆ ಇದು ಎಷ್ಟು ಹೊಂದುತ್ತದೆ ಅಲ್ವಾ? ಒಂದು ಕೋಲದ ಚಿತ್ರಕ್ಕೆ ದೈವದ ಹೆಸರು, ಗುತ್ತಿನ (ಹಿರಿಯ ಮನೆತನದ) ಹೆಸರು, ಕಟ್ಟುಕಟ್ಟಳೆಯ ಮಾತು ತುಳುವಿನಲ್ಲೇ ಇರಲಿ. ವಿವರಣೆ ಕನ್ನಡದಲ್ಲಿರಲಿ. ಹೊರಗಿನವರಿಗೆ ಇಂಗ್ಲಿಷ್ ಇರಲಿ. ಮೂರೂ ಒಂದೇ ಫೈಲ್‌ನಲ್ಲಿ. ಎಕ್ಸಿವ್2, ಎಕ್ಸಿಫ್‌ಟೂಲ್ ಎರಡೂ ಇದನ್ನು ಬರೆಯುತ್ತವೆ. ಚಿತ್ರ ತೋರಿಸುವ ಹೆಚ್ಚಿನ ಸಾಫ್ಟ್‌ವೇರ್ ಮಾತ್ರ 'ಡೀಫಾಲ್ಟ್' ಎಂದು ಗುರುತಿಸಿದ ಒಂದನ್ನೇ ತೋರಿಸುತ್ತದೆ. ಹಾಗಾಗಿ ನಿಮ್ಮ ಓದುಗರಿಗೆ ಮೊದಲು ಕಾಣಬೇಕಾದ ಭಾಷೆಯನ್ನು ಡೀಫಾಲ್ಟ್ ಮಾಡಿ. 2024ರ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಅದರ ಚಿಹ್ನೆಗಳಿಗೆ ನಾಲ್ಕು ಬೈಟ್ ಬೇಕು. ಎಕ್ಸ್‌ಎಂಪಿಗೆ ಅದೂ ತೊಂದರೆಯಲ್ಲ.

ರಾ ಫೈಲ್‌ಗಳಿಗೆ ಇನ್ನೊಂದು ಮಾತು. ಮೂಲ ರಾ ಫೈಲ್‌ನೊಳಗೆ ಏನನ್ನೂ ಬರೆಯಬೇಡಿ. ಪಕ್ಕದಲ್ಲಿ ಎಕ್ಸ್‌ಎಂಪಿ ಫೈಲ್ ಒಂದನ್ನು ಇಡಿ. ಡಾರ್ಕ್‌ಟೇಬಲ್ ಮಾಡುವುದು ಅದನ್ನೇ. ಎಕ್ಸಿವ್2 ಇಂಥ ಪಕ್ಕದ ಫೈಲ್ ಓದಿ ಬರೆಯುತ್ತದೆ. ಸಿಆರ್3ರೊಳಗೆ ಅದು ಬರೆಯುವುದಿಲ್ಲ ಎಂಬ ಕೊರತೆಯೂ ಈ ದಾರಿಯಲ್ಲಿ ಹೆಚ್ಚು ಕಾಡುವುದಿಲ್ಲ.

ಎಕ್ಸಿವ್2 ಬೇಕು ಎಂದಾದರೆ ನಾಲ್ಕು ದಾರಿ

ಮೊದಲನೆಯದು ನಿಮ್ಮ ಲಿನಕ್ಸ್ ಕೊಡುವ ಪ್ಯಾಕೇಜ್. ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ ಎಂಬ ಕಮಾಂಡ್ ಮೂಲಕ ಎಕ್ಸಿವ್2 ಎಂಬ ಪ್ಯಾಕೇಜ್ ಹಾಕಿದರೆ ಕಮಾಂಡ್ ಬರುತ್ತದೆ. ಪ್ರೋಗ್ರಾಂ ಬರೆಯುವವರು ಅದರ 'ಡೆವ್' ಪ್ಯಾಕೇಜ್ ಕೂಡ ಹಾಕಬೇಕು. ಫೆಡೋರಾದಲ್ಲಿ ಇದಕ್ಕೆ 'ಡೆವೆಲ್' ಎನ್ನುತ್ತಾರೆ. ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇದೇ ಕೆಲಸ ಮಾಡುತ್ತದೆ.

ಈ ದಾರಿಯ ದೊಡ್ಡ ಲಾಭ ಭದ್ರತೆ. ಹೊರಗಿನಿಂದ ಬಂದ ಚಿತ್ರವನ್ನು ಬಿಡಿಸಿ ಓದುವ ಯಾವ ಸಾಫ್ಟ್‌ವೇರ್‌ಗೂ ಅಪಾಯ ಇದ್ದೇ ಇದೆ. ಬೇಕೆಂದೇ ಕೆಡಿಸಿದ ಫೈಲ್ ಕಳುಹಿಸಿ ಅದನ್ನು ಬೀಳಿಸಬಹುದು. ಎಕ್ಸಿವ್2ನಲ್ಲಿ ಇಂಥ ದೋಷಗಳು ಹಲವು ಸಿಕ್ಕಿ ಸರಿಯಾಗಿವೆ. ಎಕ್ಸಿಫ್‌ಟೂಲ್ ಕೂಡ ಹೊರತಲ್ಲ. 2021ರಲ್ಲಿ ಅದರ ಡೇಜಾವೂ ಫೈಲ್ ಓದುವ ಭಾಗದಲ್ಲಿ ಗಂಭೀರ ದೋಷ ಸಿಕ್ಕಿತು. ಒಂದು ಚಿತ್ರದ ಮೂಲಕ ಸರ್ವರ್‌ನಲ್ಲಿ ಬೇಕಾದ ಕಮಾಂಡ್ ನಡೆಸಬಹುದಾಗಿತ್ತು. 12.24ರಲ್ಲಿ ಅದು ಸರಿಯಾಯಿತು. ಪ್ಯಾಕೇಜ್ ಹಾಕಿಕೊಂಡಿದ್ದರೆ ಇಂಥ ತಿದ್ದುಪಡಿ ನಿತ್ಯದ ಅಪ್‌ಡೇಟ್‌ನಲ್ಲೇ ಬರುತ್ತದೆ. ನೀವೇ ಬಿಲ್ಡ್ ಮಾಡಿದ್ದರೆ ನೀವೇ ಗಮನವಿಟ್ಟು ಮತ್ತೆ ಬಿಲ್ಡ್ ಮಾಡಬೇಕು. ಊರಿನ ಜನರಿಂದ ಹಳೆಯ ಚಿತ್ರ ಅಪ್‌ಲೋಡ್ ಮಾಡಿಸಿಕೊಳ್ಳುವ ಜಾಲತಾಣ ಮಾಡುತ್ತಿದ್ದರೆ ಇದೊಂದೇ ಕಾರಣ ಸಾಕು, ಪ್ಯಾಕೇಜ್ ಆರಿಸಿ.

ನಷ್ಟ ಏನೆಂದರೆ ಆವೃತ್ತಿ ಹಳೆಯದು. ಉಬುಂಟು 22.04ರಲ್ಲಿ 0.27.5 ಇದೆ, 24.04ರಲ್ಲಿ 0.27.6. ಡೆಬಿಯನ್ 12ರಲ್ಲೂ 0.27.6. ಡೆಬಿಯನ್ 13 ಮಾತ್ರ 0.28ರ ಸಾಲಿಗೆ ಬಂದಿದೆ. 0.28.0 ಬಿಡುಗಡೆಯಾದದ್ದು 2023ರ ಮೇ ತಿಂಗಳಲ್ಲಿ. ಹೀಕ್, ಸಿಆರ್3 ಓದುವ ಶಕ್ತಿ 2021ರ 0.27.4ರಲ್ಲೇ ಬಂತು, ಆದರೆ ಬಿಲ್ಡ್ ಮಾಡುವವರು ಬೇಕೆಂದು ಹೇಳಿದರೆ ಮಾತ್ರ. 0.28ರಿಂದ ಅದು ತಾನಾಗಿಯೇ ಸೇರುತ್ತದೆ. ನಿಮ್ಮ ಪ್ಯಾಕೇಜ್‌ನಲ್ಲಿ ಇದೆಯೇ ಎಂದು ಊಹಿಸಬೇಕಾಗಿಲ್ಲ. ಆವೃತ್ತಿಯನ್ನು ವಿವರವಾಗಿ ಹೇಳು ಎಂದು ಎಕ್ಸಿವ್2 ಕಮಾಂಡನ್ನೇ ಕೇಳಿದರೆ ದೊಡ್ಡ ಪಟ್ಟಿ ಕೊಡುತ್ತದೆ. ಅದರಲ್ಲಿ 'ಎನೇಬಲ್ ಬಿಎಂಎಫ್‌ಎಫ್' ಎಂಬ ಸಾಲಿನ ಮುಂದೆ 1 ಇದ್ದರೆ ಓದುತ್ತದೆ. ಈ ಪಟ್ಟಿ ನೋಡದೆ ಬಿಲ್ಡ್‌ಗೆ ಇಳಿಯಬೇಡಿ.

ಹೊಸ ಲೆನ್ಸ್ ಹೆಸರು ತೋರಿಸುವುದಿಲ್ಲ ಎಂಬ ಕಾರಣಕ್ಕೆ ಬಿಲ್ಡ್ ಮಾಡಲು ಹೊರಟವರೂ ಇದ್ದಾರೆ. ಅದಕ್ಕೆ ಸುಲಭ ಉಪಾಯ ಇದೆ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಎಕ್ಸಿವ್2 ಹೆಸರಿನ ಒಂದು ಪಠ್ಯ ಫೈಲ್ ಮಾಡಿ. ವಿಂಡೋಸ್‌ನಲ್ಲಾದರೆ ಎಕ್ಸಿವ್2 ಡಾಟ್ ಐಎನ್‌ಐ. ಅದರಲ್ಲಿ ಕ್ಯಾನನ್, ನಿಕಾನ್ ಎಂದು ತಯಾರಕರ ಹೆಸರಿನ ಕೆಳಗೆ ಲೆನ್ಸಿನ ಸಂಖ್ಯೆ ಮತ್ತು ಹೆಸರು ಬರೆದರೆ ಮುಗಿಯಿತು. ಸುಮ್ನೆ ಒಂದು ಸಾಲಿನ ಕೆಲಸ.

ಎರಡನೆಯ ದಾರಿ, ಎಕ್ಸಿವ್2 ಯೋಜನೆಯವರೇ ಬಿಡುಗಡೆಯ ಜೊತೆ ಇಡುವ ಸಿದ್ಧ ಕಟ್ಟು. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಇರುತ್ತದೆ. ಜಿಪ್ ಬಿಡಿಸಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡು ಬಳಸಬಹುದು. ಹೊಸ ಆವೃತ್ತಿಯನ್ನು ಒಮ್ಮೆ ಪರೀಕ್ಷಿಸಿ ನೋಡಲು ಒಳ್ಳೆಯದು. ವಿಂಡೋಸ್ ಬಳಸುವ ಸ್ಟುಡಿಯೋಗೂ ಇಷ್ಟು ಸಾಕು.

ಮೂರನೆಯದು ವಿಸಿಪಿಕೆಜಿ ಅಥವಾ ಕೊನಾನ್. ಇವು ಸಿ++ ತಂಡಗಳಿಗೆ ಲೈಬ್ರರಿ ತಂದುಕೊಡುವ ಟೂಲ್‌ಗಳು. ಪ್ರಾಜೆಕ್ಟ್‌ನಲ್ಲಿ ಇಂಥ ಆವೃತ್ತಿ ಬೇಕು ಎಂದು ಬರೆದಿಟ್ಟರೆ ತಂಡದ ಎಲ್ಲರಿಗೂ ಅದೇ ಬರುತ್ತದೆ. ಎಕ್ಸ್‌ಪ್ಯಾಟ್, ಝಡ್‌ಲಿಬ್ ತರಹದ ಅವಲಂಬನೆಗಳನ್ನೂ ಅವೇ ತಂದು ಜೋಡಿಸುತ್ತವೆ. ವಿಷುವಲ್ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಇಂಟರ್ನೆಟ್ ಚೆನ್ನಾಗಿರಬೇಕು, ಅಷ್ಟೆ.

ಪೈಥಾನ್‌ನವರಿಗೆ ಇಲ್ಲೊಂದು ಅಡ್ಡದಾರಿ. ಪಿಪ್ ಮೂಲಕ ಸಿಗುವ ಪೈಎಕ್ಸಿವ್2 ತನ್ನೊಳಗೇ ಕಂಪೈಲ್ ಆದ ಎಕ್ಸಿವ್2 ಇಟ್ಟುಕೊಂಡು ಬರುತ್ತದೆ. ಬೇರೇನೂ ಹಾಕಬೇಕಾಗಿಲ್ಲ. ಪೈ3ಎಕ್ಸಿವ್2 ಎಂಬ ಇನ್ನೊಂದಿದೆ, ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲ ಆಗುತ್ತದೆ. ಅದಕ್ಕೆ ಬೂಸ್ಟ್ ಲೈಬ್ರರಿ ಹಾಕಿ ನೀವೇ ಕಂಪೈಲ್ ಮಾಡಬೇಕು. ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಇದ್ದರೆ ಮೊದಲನೆಯದನ್ನೇ ಹಿಡಿಯಿರಿ.

ನಾಲ್ಕನೆಯ ದಾರಿ: ಸೋರ್ಸ್‌ನಿಂದ

ಇದು ಯಾವಾಗ ಬೇಕು? ನಿಮಗೆ ತೊಂದರೆ ಕೊಡುತ್ತಿರುವ ದೋಷ ಹೊಸ ಆವೃತ್ತಿಯಲ್ಲಿ ಸರಿಯಾಗಿದೆ, ನಿಮ್ಮ ಲಿನಕ್ಸ್‌ಗೆ ಅದು ಬಂದಿಲ್ಲ. ಅಥವಾ ನಿಮ್ಮ ಪ್ಯಾಕೇಜ್‌ನಲ್ಲಿ ಬಿಎಂಎಫ್‌ಎಫ್ ಇಲ್ಲ, ಸಿದ್ಧ ಕಟ್ಟು ನಿಮ್ಮ ಯಂತ್ರದಲ್ಲಿ ಏಳುತ್ತಿಲ್ಲ. ಅಥವಾ ಎಕ್ಸಿವ್2 ಕೋಡನ್ನೇ ತಿದ್ದಿ ಯೋಜನೆಗೆ ಕೊಡಬೇಕು. ಕೊನೆಯದು ನನಗೆ ತುಂಬ ಇಷ್ಟವಾದ ಕಾರಣ. ನಮ್ಮ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಒಂದು ಕೆಲಸಕ್ಕಾದರೂ ಬಿಲ್ಡ್ ಮಾಡುವುದನ್ನು ಕಲಿಯಲಿ. ದೊಡ್ಡ ಸಿ++ ಯೋಜನೆ ಹೇಗೆ ಕಟ್ಟಿದ್ದಾರೆ, ಪರೀಕ್ಷೆಗಳನ್ನು ಹೇಗೆ ಬರೆದಿದ್ದಾರೆ ಎಂದು ಕಣ್ಣಾರೆ ಕಾಣುತ್ತದೆ.

ಗಿಟ್‌ಹಬ್‌ನಿಂದ ಕೋಡ್ ತರುವಾಗ ಮುಖ್ಯ ಶಾಖೆಯನ್ನು ತರಬೇಡಿ. ಅದು ಮುಂದಿನ ದೊಡ್ಡ ಆವೃತ್ತಿಯ ಕೆಲಸ ನಡೆಯುವ ಜಾಗ. ಬಿಡುಗಡೆಯಾದ ಆವೃತ್ತಿಯ ಟ್ಯಾಗ್ ಆರಿಸಿ. ಕೋಡ್ ತಿದ್ದಿ ಕೊಡುವವರಿಗೆ ಮಾತ್ರ ಮುಖ್ಯ ಶಾಖೆ. ಪರೀಕ್ಷೆಗೆ ಬೇಕಾದ ಚಿತ್ರಗಳೂ ಅದರೊಳಗೇ ಇರುವುದರಿಂದ ಪೂರ್ತಿ ಇತಿಹಾಸ ಸಮೇತ ಇಳಿಸಿದರೆ ಡೇಟಾ ಜಾಸ್ತಿ ಹೋಗುತ್ತದೆ. ಮೊಬೈಲ್ ಡೇಟಾ ಬಳಸುವವರು ಕೊನೆಯ ಪ್ರತಿಯನ್ನು ಮಾತ್ರ ತರುವ ಡೆಪ್ತ್ 1 ಆಯ್ಕೆ ಬಳಸಿ.

ಬೇಕಾಗುವ ಸಾಮಾನು ಇಷ್ಟು. ಸಿ++17 ಅರಿಯುವ ಕಂಪೈಲರ್, ಬಿಲ್ಡ್‌ಗೆ ಸಿದ್ಧಪಡಿಸುವ ಸಿಮೇಕ್, ಬಿಲ್ಡ್ ನಡೆಸುವ ನಿಂಜಾ. ಎಕ್ಸ್‌ಎಂಪಿಗೆ ಎಕ್ಸ್‌ಪ್ಯಾಟ್. ಪಿಎನ್‌ಜಿ ಚಿತ್ರಗಳಿಗೆ ಝಡ್‌ಲಿಬ್. ಜೆಪೆಗ್ ಎಕ್ಸ್‌ಎಲ್‌ನಲ್ಲಿ ಅದುಮಿಟ್ಟ ಮಾಹಿತಿ ಬಿಡಿಸಲು ಬ್ರಾಟ್ಲಿ. ಲೆನ್ಸ್ ಹೆಸರಿನ ಫೈಲ್ ಓದಲು ಇನಿಹ್. ಇವೆಲ್ಲದರ 'ಡೆವ್' ಪ್ಯಾಕೇಜ್‌ಗಳೇ ಬೇಕು, ಬರೀ ಲೈಬ್ರರಿ ಇದ್ದರೆ ಸಾಲದು. ಸಿಮೇಕ್ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಒಂದೊಂದನ್ನೇ ಹುಡುಕುವ ಬದಲು ಸೋರ್ಸ್ ಕೋಡ್‌ನ 'ಸಿಐ' ಫೋಲ್ಡರ್‌ನಲ್ಲಿರುವ ಸ್ಕ್ರಿಪ್ಟ್ ನೋಡಿ. ಬೇರೆ ಬೇರೆ ಲಿನಕ್ಸ್‌ಗಳಲ್ಲಿ ಯಾವ ಯಾವ ಪ್ಯಾಕೇಜ್ ಬೇಕು ಎಂದು ಅದರಲ್ಲಿದೆ. ಬ್ರಾಟ್ಲಿ, ಇನಿಹ್ ಬೇಡ ಎಂದಾದರೆ ಆಯ್ಕೆ ಕೊಟ್ಟು ಬಿಡಬಹುದು. ಎಕ್ಸ್‌ಎಂಪಿಯನ್ನೂ ಬಿಡಬಹುದು, ಆದರೆ ಕನ್ನಡದಲ್ಲಿ ವಿವರಣೆ ಬರೆಯುವವರು ಅದನ್ನು ಮುಟ್ಟಬೇಡಿ.

ಕೆಲಸ ನಾಲ್ಕು ಹಂತದ್ದು. ಸಿಮೇಕ್‌ಗೆ ಸೋರ್ಸ್ ಎಲ್ಲಿದೆ, ಬಿಲ್ಡ್ ಫೋಲ್ಡರ್ ಎಲ್ಲಿ, ಕೊನೆಗೆ ಎಲ್ಲಿ ಇನ್‌ಸ್ಟಾಲ್ ಆಗಬೇಕು ಎಂದು ಹೇಳುವುದು. ಆಮೇಲೆ ಬಿಲ್ಡ್. ಆಮೇಲೆ ಸಿಟೆಸ್ಟ್ ಮೂಲಕ ಪರೀಕ್ಷೆ. ಕೊನೆಗೆ ಇನ್‌ಸ್ಟಾಲ್. ಮಳೆಗಾಲದಲ್ಲಿ ನಡುವೆ ಕರೆಂಟ್ ಹೋಯಿತು ಅಂದುಕೊಳ್ಳಿ, ಹೆದರಬೇಕಾಗಿಲ್ಲ. ಮತ್ತೆ ಅದೇ ಕಮಾಂಡ್ ಕೊಟ್ಟರೆ ನಿಂಜಾ ಮುಗಿದದ್ದನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.

ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎನ್ನುವುದೇ ಈ ದಾರಿಯ ಮುಖ್ಯ ನಿರ್ಧಾರ. ಏನೂ ಹೇಳದಿದ್ದರೆ ಯೂಎಸ್‌ಆರ್ ಲೋಕಲ್ ಫೋಲ್ಡರ್‌ಗೆ ಹೋಗುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ಎಲ್‌ಡಿಕಾನ್ಫಿಗ್ ನಡೆಸಿದ ಮೇಲೆ ಇಡೀ ಸಿಸ್ಟಮ್‌ಗೆ ಅದು ಕಾಣುತ್ತದೆ. ಅದನ್ನು ನಡೆಸದಿದ್ದರೆ ಎಕ್ಸಿವ್2 ಕಮಾಂಡ್ ಕೊಟ್ಟಾಗ ಲೈಬ್ರರಿ ಫೈಲ್ ಸಿಗುತ್ತಿಲ್ಲ ಎಂಬ ದೂರು ಬರಬಹುದು. ಇಷ್ಟು ಸರಿಪಡಿಸುವುದು ಸುಲಭ. ಕಷ್ಟ ಇರುವುದು ಬೇರೆ ಕಡೆ. ಉಬುಂಟುವಿನಲ್ಲಿ 0.27.6 ಇದೆ, ನೀವೂ 0.27ರ ಸಾಲಿನದ್ದೇ ಇನ್ನೊಂದನ್ನು ಬಿಲ್ಡ್ ಮಾಡಿ ಹಾಕಿದಿರಿ ಎನ್ನಿ. ಎರಡರ ಲೈಬ್ರರಿ ಹೆಸರೂ ಒಂದೇ. ಡಾರ್ಕ್‌ಟೇಬಲ್, ಡಿಜಿಕ್ಯಾಮ್ ಕೂಡ ಇನ್ನು ಮುಂದೆ ನಿಮ್ಮ ಪ್ರತಿಯನ್ನೇ ಎತ್ತಿಕೊಳ್ಳಬಹುದು. ನೀವು ಬಿಎಂಎಫ್‌ಎಫ್ ಅಥವಾ ಎಕ್ಸ್‌ಎಂಪಿ ಬಿಟ್ಟು ಬಿಲ್ಡ್ ಮಾಡಿದ್ದರೆ ಅವುಗಳ ಕೆಲಸವೂ ಕೆಡುತ್ತದೆ. 0.28 ಹಾಕಿದರೆ ಹೆಸರು ಬೇರೆ ಆಗುವುದರಿಂದ ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಆದರೆ ಆಗ ಹೆಡರ್ ಫೈಲ್‌ಗಳ (ಲೈಬ್ರರಿಯಲ್ಲಿ ಏನೇನಿದೆ ಎಂದು ಕಂಪೈಲರ್‌ಗೆ ಹೇಳುವ ಫೈಲ್‌ಗಳ) ಗೊಂದಲ. ಒಂದರ ಹೆಡರ್, ಇನ್ನೊಂದರ ಲೈಬ್ರರಿ ಸೇರಿದರೆ ಪ್ರೋಗ್ರಾಂ ಬೀಳುತ್ತದೆ. ಜಿಎಕ್ಸಿವ್2 ಹಳೆಯದನ್ನು, ನಿಮ್ಮ ಕೋಡ್ ಹೊಸದನ್ನು ಒಂದೇ ಪ್ರೋಗ್ರಾಂನೊಳಗೆ ಕರೆದರೂ ಅದೇ ಗತಿ.

ಇದೆಲ್ಲ ತಪ್ಪಬೇಕಾದರೆ ಸಿಮೇಕ್‌ಗೆ ಇನ್‌ಸ್ಟಾಲ್ ಪ್ರಿಫಿಕ್ಸ್ ಆಗಿ ನಿಮ್ಮ ಹೋಮ್‌ನಲ್ಲೇ ಒಂದು ಫೋಲ್ಡರ್ ಕೊಡಿ. ನಿಮ್ಮ ಪ್ರಾಜೆಕ್ಟ್‌ಗೆ ಮಾತ್ರ ಆ ದಾರಿ ತೋರಿಸಿ. ಬೇಡವಾದಾಗ ಆ ಫೋಲ್ಡರ್ ಅಳಿಸಿದರೆ ಆಯಿತು, ಸುಡೋ (ಅಡ್ಮಿನ್ ಅನುಮತಿ) ಕೂಡ ಬೇಡ. ನಿಮ್ಮ ಪ್ರೋಗ್ರಾಂ ಯಾವ ಲೈಬ್ರರಿಯನ್ನು ಎತ್ತಿಕೊಳ್ಳುತ್ತಿದೆ ಎಂದು ಎಲ್‌ಡಿಡಿ ಕಮಾಂಡ್‌ನಿಂದ ಒಮ್ಮೆ ನೋಡಿಬಿಡಿ.

0.27ರಿಂದ 0.28ಕ್ಕೆ ಹೋಗುವವರ ಕೋಡ್ ಸ್ವಲ್ಪ ತಿದ್ದಬೇಕಾಗುತ್ತದೆ. ಚಿತ್ರ ತೆರೆಯುವಾಗ ಆಟೋಪಿಟಿಆರ್ ಇದ್ದಲ್ಲಿ ಯುನೀಕ್‌ಪಿಟಿಆರ್ ಬಂದಿದೆ. ಟೂಲಾಂಗ್ ಇದ್ದಲ್ಲಿ ಟೂಇಂಟ್64. ಹಳೆಯ ಪಾಠಗಳಿಂದ ನಕಲು ಮಾಡಿದ ಕೋಡ್ ಹೊಸ ಆವೃತ್ತಿಯಲ್ಲಿ ಕಂಪೈಲ್ ಆಗದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಹಲವು ಥ್ರೆಡ್ ಬಳಸುವವರು ಎಕ್ಸ್‌ಎಂಪಿ ಭಾಗವನ್ನು ಥ್ರೆಡ್‌ಗಳು ಏಳುವ ಮೊದಲೇ ಮುಖ್ಯ ಥ್ರೆಡ್‌ನಲ್ಲಿ ಶುರು ಮಾಡಿರಬೇಕು.

ಹಂಚುವ ಮೊದಲು ಪರವಾನಗಿ

ಮಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವವರು ಇದನ್ನು ಆಯ್ಕೆ ಮಾಡುವ ಮೊದಲೇ ಓದಬೇಕು. ಎಕ್ಸಿವ್2ನ ಪರವಾನಗಿ ಜಿಪಿಎಲ್, ಎರಡನೆಯ ಅಥವಾ ನಂತರದ ಆವೃತ್ತಿ. ಅದನ್ನು ನಿಮ್ಮ ಪ್ರೋಗ್ರಾಂಗೆ ಜೋಡಿಸಿ ಗ್ರಾಹಕರಿಗೆ ಕೊಟ್ಟರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಮುಚ್ಚಿದ ಕೋಡ್‌ನ ಉತ್ಪನ್ನಕ್ಕೆ ಅದು ಹೊಂದುವುದಿಲ್ಲ. ಅಂಥವರು ಎಕ್ಸಿಫ್‌ಟೂಲ್ ಅನ್ನು ಪ್ರತ್ಯೇಕ ಪ್ರೋಗ್ರಾಂ ಆಗಿ ಕರೆಯುವುದನ್ನು ನೋಡಬಹುದು. ಅದರ ಷರತ್ತು ಪರ್ಲ್‌ನದ್ದೇ. ಎಕ್ಸಿಫ್ ಮಾತ್ರ ಸಾಕಾದರೆ ಎಲ್‌ಜಿಪಿಎಲ್‌ನ ಲಿಬ್‌ಎಕ್ಸಿಫ್ ಇದೆ. ಜಾವಾದಲ್ಲಿ ಬರೀ ಓದುವ ಕೆಲಸಕ್ಕೆ ಅಪಾಚೆ ಪರವಾನಗಿಯ ಮೆಟಾಡೇಟಾ-ಎಕ್ಸ್‌ಟ್ರಾಕ್ಟರ್ ಇದೆ. ನಿಮ್ಮೊಳಗೇ ಬಳಸುವ ಸ್ಟುಡಿಯೋ, ಪತ್ರಿಕೆಯ ಚಿತ್ರಸಂಗ್ರಹ, ಕಾಲೇಜಿನ ಪ್ರಾಜೆಕ್ಟ್ ಇವುಗಳಿಗೆ ಈ ತಲೆಬಿಸಿ ಇಲ್ಲ.

ಯಾವ ದಾರಿ ಹಿಡಿದರೂ ಮೊದಲ ಸಲ ಮೂಲ ಚಿತ್ರಗಳ ಮೇಲೆ ಕೈಯಾಡಿಸಬೇಡಿ. ಎಕ್ಸಿಫ್‌ಟೂಲ್ ಬರೆಯುವಾಗ ಹಳೆಯ ಫೈಲನ್ನು 'ಒರಿಜಿನಲ್' ಎಂಬ ಬಾಲ ಸೇರಿಸಿ ಪಕ್ಕದಲ್ಲೇ ಉಳಿಸುತ್ತದೆ. ಎಕ್ಸಿವ್2 ಹಾಗೆ ಮಾಡುವುದಿಲ್ಲ, ಅದೇ ಫೈಲ್ ಬದಲಾಗುತ್ತದೆ. ಕೆಲವು ಚಿತ್ರಗಳ ನಕಲು ಮಾಡಿಕೊಳ್ಳಿ. ಒಂದು ಜೆಪೆಗ್, ಒಂದು ಐಫೋನ್ ಹೀಕ್, ಒಂದು ರಾ ಇರಲಿ. ಕನ್ನಡದ ವಿವರಣೆ ಬರೆದು ಡಿಜಿಕ್ಯಾಮ್‌ನಲ್ಲೂ, ನೀವು ಚಿತ್ರ ಕಳುಹಿಸುವವರು ಬಳಸುವ ಸಾಫ್ಟ್‌ವೇರ್‌ನಲ್ಲೂ ತೆರೆದು ನೋಡಿ. ಒತ್ತಕ್ಷರಗಳು ಸರಿಯಾಗಿ ಬಂದಿವೆಯೇ, ಕೊನೆಯ ಅಕ್ಷರ ತುಂಡಾಗಿದೆಯೇ, ಸಮಯ ಬದಲಾಗಿದೆಯೇ ಎಂದು ಪರೀಕ್ಷಿಸಿ. ಆಮೇಲೆ ಇಡೀ ಫೋಲ್ಡರ್‌ಗೆ ನಡೆಸಿ.